ಐಸ್ ನೀರೋ, ಮಸಾಜೋ, ನಿದ್ದೆಯೋ? ದಣಿದ ಮೈಗೆ ಯಾವುದು, ಯಾವಾಗ

ಜೋರಾಗಿ ಮೈ ದಂಡಿಸಿದ ಮೇಲೆ ಬೇಗ ಸುಧಾರಿಸಿಕೊಳ್ಳುವುದು ಹೇಗೆ? ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಬರುತ್ತದೆ. ಐಸ್ ನೀರಿನಲ್ಲಿ ಕೂರು, ಮಸಾಜ್ ಮಾಡಿಸು, ನಿಧಾನವಾಗಿ ಸೈಕಲ್ ತುಳಿ, ಪ್ರೋಟೀನ್ ಕುಡಿ, ಮಾತ್ರೆ ನುಂಗು, ಸುಮ್ನೆ ಮಲಗು. ಇವೆಲ್ಲದರ ಮೇಲೂ ಪ್ರಯೋಗಗಳು ನಡೆದಿವೆ. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಷ್ಟು: ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ನೀವು ನಾಳೆ ಚೆನ್ನಾಗಿ ಆಡಬೇಕೋ, ಅಥವಾ ಮೂರು ತಿಂಗಳ ನಂತರ ಈಗಿನದಕ್ಕಿಂತ ಬಲವಾಗಿರಬೇಕೋ?

ಎರಡೂ ಒಂದೇ ಅಲ್ವಾ ಅನ್ನಿಸಬಹುದು. ಆದರೆ ಇವು ಒಂದಕ್ಕೊಂದು ಅಡ್ಡ ಬರುವುದೂ ಉಂಟು. ಕಠಿಣ ತರಬೇತಿಯಲ್ಲಿ ಸ್ನಾಯುವಿಗೆ ಸಣ್ಣಪುಟ್ಟ ಹಾನಿ ಆಗುತ್ತದೆ. ಅಲ್ಲಿ ಉರಿಯೂತ ಶುರುವಾಗುತ್ತದೆ. ರಕ್ಷಣಾ ಕಣಗಳು ಬರುತ್ತವೆ, ರಿಪೇರಿಗೆ ಬೇಕಾದ ಕಣಗಳು ಎಚ್ಚರಗೊಳ್ಳುತ್ತವೆ. ಮುಂದಿನ ಸಲ ಅದೇ ಭಾರ ತಾಳಿಕೊಳ್ಳಲು ಬೇಕಾದ ಪ್ರೋಟೀನನ್ನು ದೇಹ ಕಟ್ಟಿಕೊಳ್ಳುತ್ತದೆ. ಉರಿಯೂತವನ್ನು ತಕ್ಷಣ ತಣಿಸಿದರೆ ನಾಳೆ ಮೈ ಹಗುರ ಅನ್ನಿಸಬಹುದು. ಪ್ರತಿ ಸಲವೂ ಹಾಗೇ ಮಾಡುತ್ತಾ ಹೋದರೆ ಬೆಳವಣಿಗೆಯ ಸೂಚನೆಯೇ ಮಂಕಾಗಬಹುದು.

ಐಸ್ ನೀರಿನ ಕಥೆಯಲ್ಲಿ ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಐಸ್ ನೀರು: ಪಂದ್ಯದ ವಾರಕ್ಕೆ ಸರಿ, ಬಲ ಬೆಳೆಸುವ ಕಾಲಕ್ಕೆ ಬೇಡ

10ರಿಂದ 15 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 10ರಿಂದ 15 ನಿಮಿಷ. ಹೆಚ್ಚಿನ ಪ್ರಯೋಗಗಳು ಬಳಸಿದ್ದು ಸುಮಾರು ಇದೇ ಲೆಕ್ಕ. ತಣ್ಣೀರಿನಲ್ಲಿ ರಕ್ತನಾಳಗಳು ಕುಗ್ಗುತ್ತವೆ, ಸ್ನಾಯುವಿನ ಬಿಸಿ ಇಳಿಯುತ್ತದೆ, ನೋವು ಸಾಗಿಸುವ ನರಗಳು ನಿಧಾನವಾಗುತ್ತವೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ 17 ಸಣ್ಣ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿತು. ಸುಮ್ಮನೆ ವಿಶ್ರಾಂತಿ ತೆಗೆದುಕೊಂಡವರಿಗಿಂತ ತಣ್ಣೀರಿನಲ್ಲಿ ಕೂತವರಿಗೆ ಮುಂದಿನ ಒಂದರಿಂದ ನಾಲ್ಕು ದಿನ ಮೈಕೈ ನೋವು ಕಡಿಮೆ ಇತ್ತು.

ಹಾಗಾದರೆ ಎಲ್ಲರೂ ದಿನಾ ಕೂರಬಹುದಲ್ಲ? 2015ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ಬಹಳ ಮುಖ್ಯ. ಗಂಡಸರ ಎರಡು ಗುಂಪು 12 ವಾರ, ವಾರಕ್ಕೆ ಎರಡು ಸಲ ಕಾಲಿನ ಬಲದ ತರಬೇತಿ ಮಾಡಿದವು. ಪ್ರತಿ ಸಲ ತರಬೇತಿ ಮುಗಿದ ಮೇಲೆ ಒಂದು ಗುಂಪು 10 ಡಿಗ್ರಿ ನೀರಿನಲ್ಲಿ 10 ನಿಮಿಷ ಕೂತಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ಹಗುರವಾಗಿ ಸೈಕಲ್ ತುಳಿಯಿತು. ಕೊನೆಗೆ ಸೈಕಲ್ ಗುಂಪಿನಲ್ಲಿ ಸ್ನಾಯುವೂ ಜಾಸ್ತಿ ಬೆಳೆದಿತ್ತು, ಬಲವೂ ಜಾಸ್ತಿ ಹೆಚ್ಚಿತ್ತು. ಸ್ನಾಯುವಿನ ಸಣ್ಣ ತುಣುಕು ತೆಗೆದು ಪರೀಕ್ಷೆ ಮಾಡಿದಾಗ, ತಣ್ಣೀರಿನ ನಂತರ ರಿಪೇರಿ ಕಣಗಳ ಚಟುವಟಿಕೆ ಮತ್ತು ಬೆಳವಣಿಗೆಯ ಸಂಕೇತಗಳು ಕಡಿಮೆ ಇದ್ದದ್ದು ಕಾಣಿಸಿತು.

ಓಟ, ಸೈಕಲ್‌ನಂಥ ತಾಳಿಕೆಯ ಆಟಗಳಲ್ಲಿ ಇಂಥ ನಷ್ಟ ಇದುವರೆಗೆ ಕಂಡಿಲ್ಲ. ಹಾಗಾಗಿ ಆಯ್ಕೆ ತುಂಬಾ ಕಷ್ಟದ್ದೇನಲ್ಲ. ಎರಡು ಮೂರು ದಿನದಲ್ಲಿ ಸಾಲಾಗಿ ಪಂದ್ಯಗಳಿದ್ದರೆ ತಣ್ಣೀರು ಬಳಸಿ. ಸೆಕೆಯಲ್ಲಿ ಆಡಿ ಮೈ ಕಾದಿದ್ದರೂ ಬಳಸಿ. ಬಲ ಬೆಳೆಸಬೇಕು, ಸ್ನಾಯು ಹೆಚ್ಚಿಸಬೇಕು ಅನ್ನುವ ತಿಂಗಳುಗಳಲ್ಲಿ ಭಾರ ಎತ್ತಿದ ತಕ್ಷಣ ಐಸ್ ನೀರಿಗೆ ಇಳಿಯಬೇಡಿ. ಹೃದಯದ ತೊಂದರೆ ಅಥವಾ ಜಾಸ್ತಿ ರಕ್ತದೊತ್ತಡ ಇರುವವರು ಡಾಕ್ಟರನ್ನು ಕೇಳದೆ ಇಳಿಯಲೇ ಬಾರದು. ತಣ್ಣೀರಿಗೆ ದಿಢೀರನೆ ಇಳಿದಾಗ ಉಸಿರು ಮತ್ತು ಎದೆಬಡಿತ ಒಮ್ಮೆಗೇ ಏರುತ್ತವೆ. ಆರೋಗ್ಯವಂತರೂ ಒಬ್ಬರೇ ಇರುವಾಗ ಇಳಿಯದಿರುವುದು ಒಳ್ಳೆಯದು.

ಇನ್ನೂ ಒಂದು ಪ್ರಯೋಗ ಹೇಳಲೇಬೇಕು. 2014ರಲ್ಲಿ ಪ್ರಕಟವಾದದ್ದು. ಜೋರಾದ ಸೈಕಲ್ ವರ್ಕೌಟ್ ಆದ ಮೇಲೆ ಒಂದು ಗುಂಪನ್ನು ತಣ್ಣೀರಿನಲ್ಲಿ ಕೂರಿಸಿದರು, ಇನ್ನೊಂದನ್ನು ಉಗುರುಬೆಚ್ಚಗಿನ ನೀರಿನಲ್ಲಿ. ಮೂರನೇ ಗುಂಪಿಗೂ ಅದೇ ಉಗುರುಬೆಚ್ಚಗಿನ ನೀರೇ. ಆದರೆ ಅದಕ್ಕೆ ಮೈ ತೊಳೆಯುವ ಸೋಪಿನ ದ್ರವ ಹಾಕಿ, ಇದು ಚೇತರಿಕೆಗೆಂದೇ ಇರುವ ವಿಶೇಷ ಎಣ್ಣೆ ಅಂತ ಹೇಳಿದರು. ಮುಂದಿನ ಎರಡು ದಿನ ಕಾಲಿನ ಬಲ ಅಳೆದಾಗ ಈ ಮೂರನೇ ಗುಂಪು ತಣ್ಣೀರಿನ ಗುಂಪಿನಷ್ಟೇ ಚೆನ್ನಾಗಿ ಚೇತರಿಸಿಕೊಂಡಿತ್ತು. ಬರೀ ಉಗುರುಬೆಚ್ಚಗಿನ ನೀರಿನಲ್ಲಿ ಕೂತವರು ಹಿಂದೆ ಉಳಿದಿದ್ದರು.

ಅಂದರೆ ನಂಬಿಕೆಗೂ ಇಲ್ಲಿ ದೊಡ್ಡ ಪಾಲಿದೆ. ಐಸ್ ನೀರಿನಲ್ಲಿ ಕೂತವರಿಗೆ ತಾವು ಐಸ್ ನೀರಿನಲ್ಲಿ ಕೂತಿದ್ದೇವೆ ಅಂತ ಗೊತ್ತೇ ಇರುತ್ತದೆ, ಅದನ್ನು ಮುಚ್ಚಿಡಲು ಆಗುವುದಿಲ್ಲ. ಮಸಾಜ್‌ಗೂ ಇದೇ ಮಾತು. ಇದರಿಂದ ಈ ಉಪಾಯಗಳು ಸುಳ್ಳು ಅಂತ ಆಗುವುದಿಲ್ಲ. ನಂಬಿಕೆಯಿಂದ ಬಂದ ಬಲವೂ ಮೈದಾನದಲ್ಲಿ ಬಲವೇ. ಆದರೆ ಅದಕ್ಕೆ ಎಷ್ಟು ದುಡ್ಡು ಸುರಿಯಬೇಕು ಅಂತ ಯೋಚಿಸುವಾಗ ಈ ಪ್ರಯೋಗ ನೆನಪಿರಲಿ.

ಮೈನಸ್ 100 ಡಿಗ್ರಿಗಿಂತ ಕೆಳಗಿನ ಒಣ ತಂಪಿನ ಕೋಣೆಯಲ್ಲಿ ಕೆಲವು ನಿಮಿಷ ನಿಲ್ಲಿಸುವ ಕ್ರಯೋಥೆರಪಿ ಇದೆಯಲ್ಲ, ಅದಕ್ಕೆ ಆಧಾರ ಇನ್ನೂ ತೆಳು. 2015ರ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು ನಾಲ್ಕೇ ಪ್ರಯೋಗ, ಒಟ್ಟು 64 ಜನ. ಮೈಕೈ ನೋವಿಗೆ ಅದು ಕೆಲಸ ಮಾಡುತ್ತದೆ ಅನ್ನಲು ಅಷ್ಟು ಸಾಲದು ಅಂತಲೇ ಅವರು ಬರೆದರು. ಐಸ್ ನೀರು ಸಿಗುವಾಗ ಇದಕ್ಕೆ ದುಡ್ಡು ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಮಸಾಜ್, ಹಗುರ ಓಟ, ಸ್ಟ್ರೆಚಿಂಗ್

ಮೊದಲು ಒಂದು ಹಳೆಯ ತಪ್ಪು ತಿಳಿವಳಿಕೆ ಪಕ್ಕಕ್ಕಿಡೋಣ. ಮಾರನೇ ದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಅಂತ ಇಂದಿಗೂ ಎಷ್ಟೋ ಕೋಚ್‌ಗಳು ಹೇಳುತ್ತಾರೆ. ಜೋರಾದ ವರ್ಕೌಟ್‌ನಲ್ಲಿ ಏರಿದ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ಮೈಯಲ್ಲಿ ಇರುವ ರೂಪ) ಸುಮ್ಮನೆ ಕೂತರೂ ಒಂದೆರಡು ಗಂಟೆಯೊಳಗೆ ಮಾಮೂಲಿ ಮಟ್ಟಕ್ಕೆ ಬರುತ್ತದೆ. ನೋವು ಏರುವುದು ಒಂದರಿಂದ ಮೂರು ದಿನದ ನಡುವೆ. ಎರಡಕ್ಕೂ ಹೊಂದಿಕೆಯೇ ಆಗುವುದಿಲ್ಲ. ಈ ನೋವು ಸ್ನಾಯುವಿನ ಒಳಗಿನ ಸಣ್ಣ ಸೀಳುಗಳಿಂದ ಬರಬಹುದು ಅಂತ ಥಿಯೋಡರ್ ಹಾಫ್ 1902ರಲ್ಲೇ ಬರೆದಿದ್ದರು. ಇಳಿಜಾರಿನಲ್ಲಿ ಓಡಿದಾಗ, ಭಾರವನ್ನು ನಿಧಾನವಾಗಿ ಇಳಿಸಿದಾಗ ನೋವು ಜಾಸ್ತಿ ಆಗುವುದು ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗಿ ಬರುವುದರಿಂದ.

ಇದು ಗೊತ್ತಾದರೆ ಹಗುರ ಓಟದ ಲೆಕ್ಕ ಸುಲಭ. ವರ್ಕೌಟ್ ಆದ ಮೇಲೆ ನಿಧಾನವಾಗಿ ಓಡಿದರೆ, ಈಜಿದರೆ ಲ್ಯಾಕ್ಟೇಟ್ ಬೇಗ ಇಳಿಯುವುದು ನಿಜ. ಈಜಿನ ಎರಡು ಸುತ್ತಿನ ನಡುವೆ ಬರೀ ಅರ್ಧ ಗಂಟೆ ಸಿಕ್ಕಿದರೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಮುಂದಿನ ಪಂದ್ಯ ನಾಳೆ ಇದ್ದರೆ ಲ್ಯಾಕ್ಟೇಟ್ ತಾನಾಗಿಯೇ ಹೋಗಿರುತ್ತದೆ. ಆಗ ಹಗುರ ಓಟದಿಂದ ಸಿಗುವುದು ಸ್ವಲ್ಪ ಮೈ ಸಡಿಲ, ಸ್ವಲ್ಪ ಮನಸ್ಸಿಗೆ ಹಿತ. ಮಾಡಿದರೆ ತೊಂದರೆಯಿಲ್ಲ. ಬಿಟ್ಟರೆ ಚಿಂತೆ ಬೇಡ.

ಮಸಾಜ್ ಇದಕ್ಕಿಂತ ಮೇಲು. 2018ರಲ್ಲಿ 99 ಪ್ರಯೋಗಗಳನ್ನು ಒಟ್ಟಿಗೆ ಹೋಲಿಸಿದ ಒಂದು ವಿಶ್ಲೇಷಣೆಯಲ್ಲಿ ಮೈಕೈ ನೋವು ಮತ್ತು ದಣಿವಿನ ಭಾವನೆ ಎರಡನ್ನೂ ತಗ್ಗಿಸುವುದರಲ್ಲಿ ಮಸಾಜ್ ಮೊದಲ ಸ್ಥಾನದಲ್ಲಿತ್ತು. ಬಿಗಿ ಉಡುಪು, ತಣ್ಣೀರು ಕೂಡ ಸ್ವಲ್ಪ ಮಟ್ಟಿಗೆ ಕೆಲಸ ಮಾಡಿದವು. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಮಸಾಜ್‌ನಿಂದ ಓಟದ ವೇಗ, ಜಿಗಿತ, ಬಲ ಹೆಚ್ಚುತ್ತದೆಯೇ ಅಂತ 2020ರಲ್ಲಿ ಇನ್ನೊಂದು ತಂಡ ಹುಡುಕಿದಾಗ ಅಂಥ ಲಾಭ ಸಿಗಲಿಲ್ಲ. ನೋವು ಕಡಿಮೆ ಆಗುವುದು ಒಂದು, ಸ್ನಾಯು ಪೂರ್ತಿ ಸರಿ ಹೋಗುವುದು ಇನ್ನೊಂದು. ಮಸಾಜ್ ಆದ ಮೇಲೆ ಮೈ ಹಗುರವಾಯಿತು ಅಂತ ಮಾರನೇ ದಿನವೇ ಪೂರ್ತಿ ಜೋರಾಗಿ ತರಬೇತಿ ಮಾಡುವವರು ಇದನ್ನು ಗಮನಿಸಬೇಕು.

ಮಸಾಜ್ ಮಾಡುವವರು ಸಿಗದಿದ್ದರೆ ಫೋಮ್ ರೋಲರ್, ಅಂದರೆ ಸ್ನಾಯುವಿನ ಕೆಳಗಿಟ್ಟು ಉರುಳಿಸುವ ಗಟ್ಟಿ ಫೋಮಿನ ಉರುಳೆ ಸಾಕು. ಲಾಭ ಸಣ್ಣದು. ಆದರೆ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ.

ಸ್ಟ್ರೆಚಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೋವು ತಡೆಯಲಿ ಅಂತ ಮಾಡುತ್ತಿದ್ದರೆ ನಿಲ್ಲಿಸಬಹುದು. ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಒಂದು ದೊಡ್ಡ ಪ್ರಯೋಗದಲ್ಲಿ, ನೂರು ಅಂಕದ ನೋವಿನ ಅಳತೆಯಲ್ಲಿ ಇಳಿದದ್ದು ಸರಾಸರಿ ನಾಲ್ಕು ಅಂಕ ಮಾತ್ರ. ಮೈ ಬಾಗಲಿ, ಕೀಲು ಚೆನ್ನಾಗಿ ತಿರುಗಲಿ ಅಂತ ಮಾಡುವವರು ಧಾರಾಳವಾಗಿ ಮಾಡಿ.

ಬಿಸಿನೀರಿಗೆ ಬೇರೆಯೇ ಕೆಲಸ

ತಣ್ಣೀರು ಬೇಡ ಅಂದರೆ ಬಿಸಿನೀರು ಬೇಕು ಅಂತ ಅರ್ಥವಲ್ಲ. ಉಳುಕಿ ಈಗಷ್ಟೇ ಊದಿಕೊಂಡ ಕಾಲಿಗೆ ಬಿಸಿ ಕೊಡಬಾರದು. ಆದರೆ ಸೆಕೆಯ ಜಾಗದಲ್ಲಿ ಸ್ಪರ್ಧೆ ಇದ್ದರೆ ಬಿಸಿನೀರು ತಯಾರಿಗೆ ಚೆನ್ನಾಗಿ ಒದಗುತ್ತದೆ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಓಟಗಾರರು ಆರು ದಿನ, ತಂಪಾದ ಕೋಣೆಯಲ್ಲಿ ಓಡಿದ ಮೇಲೆ 40 ಡಿಗ್ರಿ ನೀರಿನಲ್ಲಿ 40 ನಿಮಿಷದವರೆಗೆ ಕೂತರು. ಆಮೇಲೆ 33 ಡಿಗ್ರಿ ಸೆಕೆಯಲ್ಲಿ 5 ಕಿಲೋಮೀಟರ್ ಓಡಿದಾಗ ಅವರ ಸಮಯ ಸುಮಾರು ಶೇಕಡಾ 5ರಷ್ಟು ಸುಧಾರಿಸಿತ್ತು. ಸೆಕೆಯ ಊರಿಗೆ ವಾರಗಟ್ಟಲೆ ಮೊದಲೇ ಹೋಗಿ ಇರಲು ಎಲ್ಲರಿಗೂ ಆಗುವುದಿಲ್ಲವಲ್ಲ. ಅಂಥವರಿಗೆ ಇದು ನಿಜವಾಗಿಯೂ ಒಳ್ಳೆಯ ದಾರಿ. ತಲೆ ಸುತ್ತಿದರೆ ತಕ್ಷಣ ಹೊರಗೆ ಬರಬೇಕು. ಏಳುವಾಗ ನಿಧಾನ ಇರಲಿ.

ನಿದ್ದೆ: ಎರಡೂ ಪ್ರಶ್ನೆಗೂ ಉತ್ತರ

ನಾಳೆಗೂ ಬೇಕು, ಮೂರು ತಿಂಗಳಿಗೂ ಬೇಕು ಅನ್ನುವುದು ನಿದ್ದೆ. ಇದಕ್ಕೆ ಅಡ್ಡಪರಿಣಾಮ ಇಲ್ಲ, ಬೆಳವಣಿಗೆಗೆ ಅಡ್ಡಿಯಿಲ್ಲ. ಆದರೂ ಆಟಗಾರರು ಮೊದಲು ಕತ್ತರಿ ಹಾಕುವುದು ಇದಕ್ಕೇ. ನನಗೆ ಇದು ನಿಜಕ್ಕೂ ಬೇಸರ ತರಿಸುವ ವಿಷಯ.

2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚೆರಿ ಮಾ ಮತ್ತು ತಂಡ 11 ಬಾಸ್ಕೆಟ್‌ಬಾಲ್ ಆಟಗಾರರಿಗೆ ಕೆಲವು ವಾರ ರಾತ್ರಿ ಕನಿಷ್ಠ 10 ಗಂಟೆ ಹಾಸಿಗೆಯಲ್ಲಿರಲು ಹೇಳಿತು. ಓಟದ ಪರೀಕ್ಷೆಯ ಸಮಯ 16.2 ಸೆಕೆಂಡಿನಿಂದ 15.5ಕ್ಕೆ ಇಳಿಯಿತು. ಫ್ರೀ ಥ್ರೋ ಗುರಿ ಶೇಕಡಾ 9ರಷ್ಟು ಏರಿತು. ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ, ಜನರೂ ಕಡಿಮೆ. ಹಾಗಾಗಿ ಅದೇ ಅಂಕಿ ನಿಮಗೂ ಬರುತ್ತದೆ ಅಂತ ಹೇಳಲು ಬರುವುದಿಲ್ಲ. ಆದರೆ ಇನ್ನೊಂದು ಕಡೆಯಿಂದ ಬಂದ ಆಧಾರ ಇದಕ್ಕೆ ಹೊಂದುತ್ತದೆ. 2021ರ ಒಂದು ಪ್ರಯೋಗದಲ್ಲಿ ಒಂದೇ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟ ಯುವಕ ಯುವತಿಯರಲ್ಲಿ ಸ್ನಾಯು ಪ್ರೋಟೀನ್ ಕಟ್ಟುವ ವೇಗ ಶೇಕಡಾ 18ರಷ್ಟು ಇಳಿದಿತ್ತು. ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಏರಿತ್ತು, ಸ್ನಾಯು ಬೆಳೆಸುವ ಹಾರ್ಮೋನ್ ಟೆಸ್ಟೋಸ್ಟೆರಾನ್ ಇಳಿದಿತ್ತು.

ರಾತ್ರಿ ಪಂದ್ಯ ಮುಗಿಸಿ ಬಂದು ನಿದ್ದೆ ಬಾರದವರಿಗೆ ಮಾರನೇ ಮಧ್ಯಾಹ್ನ 20ರಿಂದ 30 ನಿಮಿಷದ ಸಣ್ಣ ನಿದ್ದೆ ಚೆನ್ನಾಗಿ ನೆರವಾಗುತ್ತದೆ. ಏಳುತ್ತಿದ್ದಂತೆ ಮೈದಾನಕ್ಕೆ ಓಡಬೇಡಿ, ಮಂಪರು ಕಳೆಯಲು ಅರ್ಧ ಗಂಟೆ ಬಿಡಿ. ಬೆಳಗಿನ ಜಾವದ ತರಬೇತಿ ಮತ್ತು ನಿದ್ದೆಯ ನಡುವೆ ಆಯ್ಕೆ ಮಾಡಬೇಕಾಗಿ ಬಂದರೆ, ಐದು ಗಂಟೆ ಮಾತ್ರ ಮಲಗಿದವರಿಗೆ ನಾನು ಇನ್ನೂ ಎರಡು ಗಂಟೆ ಮಲಗಿ ಅಂತಲೇ ಹೇಳುತ್ತೇನೆ.

ಊಟ ಮತ್ತು ಮಾತ್ರೆ

ಊಟದಲ್ಲೂ ಅದೇ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ಕೆಲವೇ ಗಂಟೆಯಲ್ಲಿ ಮತ್ತೆ ಆಡಬೇಕಾದರೆ ಮೊದಲು ಬೇಕಾದದ್ದು ಕಾರ್ಬೋಹೈಡ್ರೇಟ್. ಸ್ನಾಯುವಿನಲ್ಲಿ ಖರ್ಚಾದ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ ಬೇಗ ತುಂಬಬೇಕು. ಮೊದಲ ನಾಲ್ಕು ಗಂಟೆ, ಗಂಟೆಗೆ ಮೈತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಅನ್ನುವುದು ಕ್ರೀಡಾ ಪೋಷಣೆಯ ಸಾಮಾನ್ಯ ಸಲಹೆ. ಮುಂದಿನ ತರಬೇತಿ ನಾಳೆ ಅಂದರೆ ಇಷ್ಟು ಅವಸರ ಬೇಕಿಲ್ಲ. ದಿನದ ಊಟ ಸರಿಯಾಗಿ ಮಾಡಿದರೆ ಸುಮಾರು 24 ಗಂಟೆಯಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ.

ಸ್ನಾಯು ಬೆಳೆಸುವವರಿಗೆ ಪ್ರೋಟೀನ್ ಮುಖ್ಯ. 2018ರಲ್ಲಿ 49 ಪ್ರಯೋಗಗಳನ್ನು, 1863 ಜನರನ್ನು ಸೇರಿಸಿದ ವಿಶ್ಲೇಷಣೆ ಹೇಳಿದ್ದು ಇದು: ದಿನಕ್ಕೆ ಪ್ರತಿ ಕಿಲೋ ಮೈತೂಕಕ್ಕೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಸ್ನಾಯುವಿನ ಬೆಳವಣಿಗೆಯಲ್ಲಿ ಹೆಚ್ಚೇನೂ ಲಾಭ ಕಾಣಲಿಲ್ಲ. 60 ಕಿಲೋ ಇದ್ದವರಿಗೆ ಅದು 96 ಗ್ರಾಂ. ವರ್ಕೌಟ್ ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಎಲ್ಲ ವ್ಯರ್ಥ ಅನ್ನುವ ಮಾತನ್ನು ನಂಬಬೇಕಿಲ್ಲ. ದಿನದ ಒಟ್ಟು ಮೊತ್ತವೇ ಮುಖ್ಯ. ಊಟದಿಂದ ಬಂದರೂ ಆಯಿತು, ಪುಡಿಯಿಂದ ಬಂದರೂ ಆಯಿತು.

ನೋವಿನ ಮಾತ್ರೆಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಕಟು. ಸ್ವೀಡನ್‌ನ ಕ್ಯಾರೋಲಿನ್‌ಸ್ಕಾ ಸಂಸ್ಥೆಯ ಪ್ರಯೋಗವೊಂದರಲ್ಲಿ ಯುವಕ ಯುವತಿಯರು ಎಂಟು ವಾರ ಬಲದ ತರಬೇತಿ ಮಾಡಿದರು. ಒಂದು ಗುಂಪು ದಿನಕ್ಕೆ 1200 ಮಿಲಿಗ್ರಾಂ ಐಬುಪ್ರೊಫೇನ್ ತೆಗೆದುಕೊಂಡಿತು, ಇನ್ನೊಂದು ಕಡಿಮೆ ಪ್ರಮಾಣದ ಆಸ್ಪಿರಿನ್. ಐಬುಪ್ರೊಫೇನ್ ಗುಂಪಿನ ಸ್ನಾಯು ಬೆಳವಣಿಗೆ ಇನ್ನೊಂದರ ಸುಮಾರು ಅರ್ಧದಷ್ಟೇ ಇತ್ತು. ವಿಟಮಿನ್ ಸಿ ಮತ್ತು ಇ ದೊಡ್ಡ ಪ್ರಮಾಣದಲ್ಲಿ ನುಂಗುವುದೂ ಹೀಗೇ. ದಿನಕ್ಕೆ 1000 ಮಿಲಿಗ್ರಾಂ ಸಿ ಮತ್ತು 400 ಯೂನಿಟ್ ಇ ತೆಗೆದುಕೊಂಡವರಲ್ಲಿ, ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಲಾಭವೇ ಕಾಣಲಿಲ್ಲ ಅಂತ 2009ರ ಒಂದು ಪ್ರಯೋಗ ತೋರಿಸಿತು. ಐಸ್ ನೀರಿನ ವಿಷಯದಲ್ಲಿ ನೋಡಿದ್ದೇ ಇಲ್ಲೂ ಕಾಣುತ್ತದೆ: ದೇಹದ ಸೂಚನೆ ಅಡಗಿಸಿದರೆ ಅದರ ಉತ್ತರವೂ ಅಡಗುತ್ತದೆ. ನಿಜವಾದ ಗಾಯಕ್ಕೆ ಡಾಕ್ಟರ್ ಬರೆದುಕೊಟ್ಟರೆ ತೆಗೆದುಕೊಳ್ಳಿ. ಮಾಮೂಲಿ ಮೈಕೈ ನೋವಿಗೆ, ಪಂದ್ಯಕ್ಕೆ ಮುಂಚೆ ಅಭ್ಯಾಸಬಲದಿಂದ ನುಂಗಬೇಡಿ. ದೂರದ ಓಟದಲ್ಲಿ ಬೆವರಿ ನೀರು ಕಳೆದುಕೊಂಡಾಗ ಈ ಮಾತ್ರೆಗಳು ಮೂತ್ರಪಿಂಡಕ್ಕೂ ಭಾರ.

ಆಟದ ಮಟ್ಟ ಏರಿಸುವ ನಾಲ್ಕು ಪುಡಿ, ಪಾನೀಯ

ಅಂಗಡಿಯಲ್ಲಿ ಡಬ್ಬಿಗಳು ನೂರಾರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ 2018ರ ಹೇಳಿಕೆ ನೇರವಾಗಿ ಆಟಕ್ಕೆ ನೆರವಾಗುತ್ತವೆ ಅಂತ ಒಪ್ಪಿದ್ದು ಐದನ್ನು ಮಾತ್ರ: ಕೆಫೀನ್ (ಕಾಫಿ, ಟೀಯಲ್ಲಿರುವುದು), ಕ್ರಿಯಾಟಿನ್ (ಸ್ನಾಯುವಿಗೆ ದಿಢೀರ್ ಶಕ್ತಿ ಒದಗಿಸುವ ಅಂಶ), ನೈಟ್ರೇಟ್, ಸೋಡಿಯಂ ಬೈಕಾರ್ಬೋನೇಟ್ (ಅಡುಗೆ ಸೋಡಾ), ಬೀಟಾ ಅಲನಿನ್. ಕೊನೆಯದರ ಲಾಭ ಸಣ್ಣದು, ವಾರಗಟ್ಟಲೆ ತೆಗೆದುಕೊಳ್ಳಬೇಕು. ಅದನ್ನು ಇಲ್ಲಿ ಬಿಡುತ್ತೇನೆ.

ಯಾವುದು ನಿಮಗೆ ಅನ್ನುವುದು ಆಟ ಎಷ್ಟು ಹೊತ್ತಿನದು ಅನ್ನುವುದರ ಮೇಲಿದೆ. ಕೆಲವೇ ಸೆಕೆಂಡಿನ ಸ್ಫೋಟ, ಮತ್ತೆ ಮತ್ತೆ ಓಟ, ಭಾರ ಎತ್ತುವಿಕೆ ಇದ್ದರೆ ಕ್ರಿಯಾಟಿನ್. ದಿನಕ್ಕೆ 3ರಿಂದ 5 ಗ್ರಾಂ ಸಾಕು. ಒಂದೆರಡು ಕಿಲೋ ತೂಕ ಏರಬಹುದು, ಹೆಚ್ಚಿನದು ನೀರು. ತೂಕದ ವರ್ಗ ಇರುವ ಆಟದವರು ಇದನ್ನು ಮೊದಲೇ ಲೆಕ್ಕ ಹಾಕಬೇಕು. ಒಂದರಿಂದ ಹತ್ತು ನಿಮಿಷದ ಉಸಿರುಗಟ್ಟುವ ಸ್ಪರ್ಧೆಗೆ ಬೈಕಾರ್ಬೋನೇಟ್ ಕೆಲಸ ಮಾಡುತ್ತದೆ. ಆದರೆ ಹೊಟ್ಟೆ ಕೆಡಿಸುವುದರಲ್ಲೂ ಅದು ಮುಂದು. ಸ್ಪರ್ಧೆಯ ದಿನ ಮೊದಲ ಸಲ ತೆಗೆದುಕೊಳ್ಳುವುದಂತೂ ಬೇಡವೇ ಬೇಡ. ನೈಟ್ರೇಟ್ ಅಂದರೆ ಮುಖ್ಯವಾಗಿ ಬೀಟ್‌ರೂಟ್ ರಸ, ಸ್ಪರ್ಧೆಗೆ ಎರಡು ಮೂರು ಗಂಟೆ ಮೊದಲು. ಅದನ್ನು ಮೈಗೆ ಬೇಕಾದ ರೂಪಕ್ಕೆ ಬದಲಾಯಿಸುವ ಮೊದಲ ಕೆಲಸ ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳದ್ದು. ಅದಕ್ಕೇ ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್ ಬಳಸಿದರೆ ಲಾಭ ತಪ್ಪಿಹೋಗುತ್ತದೆ. ಈಗಾಗಲೇ ಮೇಲ್ಮಟ್ಟದಲ್ಲಿರುವ ಓಟಗಾರರಿಗೆ ಇದರಿಂದ ಸಿಗುವುದು ಕಡಿಮೆ.

ಕೆಫೀನ್ ಹೆಚ್ಚುಕಡಿಮೆ ಎಲ್ಲ ಆಟಕ್ಕೂ ಆಗುತ್ತದೆ. ಪ್ರತಿ ಕಿಲೋ ಮೈತೂಕಕ್ಕೆ 3ರಿಂದ 6 ಮಿಲಿಗ್ರಾಂ, ಸ್ಪರ್ಧೆಗೆ ಸುಮಾರು ಒಂದು ಗಂಟೆ ಮೊದಲು. ಒಂದು ಕಾಲದಲ್ಲಿ ಇದು ನಿಷೇಧದ ಪಟ್ಟಿಯಲ್ಲಿತ್ತು, 2004ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ಅದನ್ನು ಕೈಬಿಟ್ಟಿತು. ಆದರೆ ನಿದ್ದೆಯ ಜೊತೆ ಇದರ ಜಗಳ ದೊಡ್ಡದು. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ತೆಗೆದುಕೊಂಡರೂ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಹೋಯಿತು ಅಂತ 2013ರ ಪ್ರಯೋಗ ತೋರಿಸಿದೆ. ಸಂಜೆಯ ಫೈನಲ್‌ಗೆ ತೆಗೆದುಕೊಳ್ಳಿ. ಸಂಜೆಯ ಮಾಮೂಲಿ ತರಬೇತಿಗೆ ಬೇಡ. ನಾಳೆ ಬೆಳಗ್ಗೆ ಮತ್ತೆ ಪಂದ್ಯ ಇದ್ದರೂ ಬೇಡ.

ಡಬ್ಬಿಯ ಮೇಲೆ ಬರೆದದ್ದೇ ಒಳಗಿದೆ ಅಂತ ನಂಬಲು ಬರುವುದಿಲ್ಲ. ಜರ್ಮನಿಯ ಕಲೋನ್‌ನಲ್ಲಿ 13 ದೇಶಗಳ 634 ಡಬ್ಬಿಗಳನ್ನು ಪರೀಕ್ಷಿಸಿ 2004ರಲ್ಲಿ ವರದಿ ಮಾಡಿದರು. ಅವುಗಳಲ್ಲಿ 94 ಡಬ್ಬಿಗಳಲ್ಲಿ ಹೆಸರಿಸದ ಸ್ಟೆರಾಯ್ಡ್ ಅಂಶ ಸಿಕ್ಕಿತು. ಡೋಪಿಂಗ್ ನಿಯಮದಲ್ಲಿ ಗೊತ್ತಿಲ್ಲದೆ ತಿಂದೆ ಅಂದರೂ ಹೊಣೆ ಆಟಗಾರರದ್ದೇ. ಪರೀಕ್ಷೆಗೆ ಒಳಪಡುವವರು ಇನ್‌ಫಾರ್ಮ್ಡ್ ಸ್ಪೋರ್ಟ್‌ನಂಥ ಹೊರಗಿನ ಸಂಸ್ಥೆ ಬ್ಯಾಚ್‌ವಾರು ಪರೀಕ್ಷಿಸಿದ ಡಬ್ಬಿ ಬಿಟ್ಟು ಬೇರೆ ಮುಟ್ಟಬಾರದು.

ನಿಮಗೆ ಕೆಲಸ ಮಾಡುತ್ತಿದೆಯೇ ಅಂತ ನೋಡುವುದು ಹೇಗೆ

ಮೇಲಿನ ಪ್ರಯೋಗಗಳಲ್ಲಿ ಬಹಳಷ್ಟು ನಡೆದದ್ದು ಯುವಕರ ಮೇಲೆ, ಸಣ್ಣ ಗುಂಪುಗಳಲ್ಲಿ. ಕ್ರೀಡಾ ವಿಜ್ಞಾನದಲ್ಲಿ ಹೆಣ್ಣುಮಕ್ಕಳ ಮೇಲಿನ ಸಂಶೋಧನೆ ಈಗಲೂ ಕಡಿಮೆ. ನಡುವಯಸ್ಸಿನವರ ಮೇಲೂ ಅಷ್ಟೇ. ಇದು ಸರಿಯಾಗಬೇಕಾದ ಅನ್ಯಾಯ. ಅಲ್ಲಿಯವರೆಗೆ ನಿಮ್ಮ ಮೇಲೆ ನೀವೇ ಗಮನ ಇಡಬೇಕು.

ದುಬಾರಿ ಕೈಗಡಿಯಾರ ಬೇಕಿಲ್ಲ. 2016ರಲ್ಲಿ 56 ಅಧ್ಯಯನಗಳನ್ನು ಪರಿಶೀಲಿಸಿದ ತಂಡಕ್ಕೆ ಕಂಡದ್ದು, ತರಬೇತಿಯ ಭಾರ ಮೈ ಮೇಲೆ ಹೇಗೆ ಬೀಳುತ್ತಿದೆ ಅನ್ನುವುದನ್ನು ರಕ್ತಪರೀಕ್ಷೆ, ಎದೆಬಡಿತದಂಥ ಅಳತೆಗಳಿಗಿಂತ ಆಟಗಾರರು ತಾವೇ ಹೇಳಿದ್ದು ಚೆನ್ನಾಗಿ ಹಿಡಿಯುತ್ತದೆ ಅಂತ. ದಿನಾ ಬೆಳಗ್ಗೆ ನಿದ್ದೆ, ಮೈಕೈ ನೋವು, ಮನಸ್ಸು ಇವಕ್ಕೆ ಹತ್ತಕ್ಕೆ ಎಷ್ಟು ಅಂತ ಬರೆದಿಡಿ. ತರಬೇತಿ ಆದ ಮೇಲೆ ಎಷ್ಟು ಕಷ್ಟ ಅನ್ನಿಸಿತು ಅಂತ ಹತ್ತಕ್ಕೆ ಅಂಕ ಕೊಟ್ಟು ನಿಮಿಷಗಳಿಂದ ಗುಣಿಸಿ. 60 ನಿಮಿಷದ ತರಬೇತಿಗೆ 7 ಅಂಕ ಅಂದರೆ ಭಾರ 420. ಒಂದು ವಾರದಿಂದ ಇನ್ನೊಂದಕ್ಕೆ ಈ ಮೊತ್ತ ದಿಢೀರನೆ ಹಾರಿದರೆ ಎಷ್ಟು ಮಸಾಜ್ ಮಾಡಿಸಿದರೂ ಮೈ ಏಳುವುದಿಲ್ಲ. ಆಗ ಇಳಿಸಬೇಕಾದ್ದು ಭಾರವನ್ನೇ. ಹೊಸದೇನಾದರೂ ಶುರು ಮಾಡಿದರೆ ಒಂದು ಸಲಕ್ಕೆ ಒಂದೇ ಮಾಡಿ, ಮೂರು ನಾಲ್ಕು ವಾರ ನೋಡಿ. ಐಸ್ ನೀರು, ಪುಡಿ, ರೋಲರ್ ಎಲ್ಲ ಒಟ್ಟಿಗೆ ಹಿಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ.

ಮಾಮೂಲಿ ಮೈಕೈ ನೋವು ಐದಾರು ದಿನದಲ್ಲಿ ಇಳಿಯಬೇಕು. ಒಂದೇ ಜಾಗದಲ್ಲಿ ಚುಚ್ಚುವ ನೋವು, ದಿನದಿಂದ ದಿನಕ್ಕೆ ಏರುವ ನೋವು, ಕೀಲಿನ ಊತ ಇದ್ದರೆ ಫಿಸಿಯೋ ಅಥವಾ ಡಾಕ್ಟರ್ ನೋಡಬೇಕು. ತುಂಬಾ ಜೋರಾದ ವರ್ಕೌಟ್ ಆದ ಮೇಲೆ ಸ್ನಾಯು ವಿಪರೀತ ಊದಿ, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಐಸ್, ಮಸಾಜ್, ಮಾತ್ರೆ ಯಾವುದೂ ಬೇಡ. ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಹೋಗುತ್ತಿರುವ ಲಕ್ಷಣ ಅದು. ಅದೇ ದಿನ ಆಸ್ಪತ್ರೆಗೆ ಹೋಗಿ.